ಗಂಟಲಲ್ಲಿ ತಡೆದು ಬಿಟ್ಟ ಉಸಿರು: ನವಾಹೊ ನುಡಿಯ ಧ್ವನಿವ್ಯವಸ್ಥೆಯ ಕುರಿತು

ನವಾಹೊ ನುಡಿಯಲ್ಲಿ “ತ್ಸಿನ್” ಎಂದರೆ ಮರ, ಕಟ್ಟಿಗೆ. ಅದೇ ಪದದ ಮೊದಲ ವ್ಯಂಜನವನ್ನು ಹೇಳುವಾಗ ಗಂಟಲಲ್ಲಿ ಉಸಿರನ್ನು ಬಿಗಿಹಿಡಿದು ಸಿಡಿಸಿದರೆ “ತ್ಸ್’ಇನ್” ಆಗುತ್ತದೆ. ಅದರ ಅರ್ಥ ಮೂಳೆ. ಈ ಎರಡನ್ನು ಧ್ವನಿಮುದ್ರಣದಲ್ಲಿ ಮೊದಲ ಸಲ ಕೇಳುವ ಕನ್ನಡಿಗರಿಗೆ ಎರಡೂ ಒಂದೇ ಪದವೆಂದು ತೋರುವುದು ಸಹಜ. ಹಲವು ಸಲ ಕೇಳಿದ ಮೇಲೆ ಎರಡನೆಯದರಲ್ಲಿ ವ್ಯಂಜನಕ್ಕೂ ಸ್ವರಕ್ಕೂ ನಡುವೆ ಒಂದು ಸಣ್ಣ ಮೌನವಿದೆ ಎಂಬುದು ಕಿವಿಗೆ ಬೀಳತೊಡಗುತ್ತದೆ. ಒಮ್ಮೆ ಅದು ಕೇಳಿಸಿದ ಮೇಲೆ ಮತ್ತೆ ಕೇಳಿಸದೆ ಇರುವುದಿಲ್ಲ.

ನವಾಹೊ ಜನರು ತಮ್ಮನ್ನು “ದಿನೆ” ಎಂದೂ ತಮ್ಮ ನುಡಿಯನ್ನು “ದಿನೆ ಬಿಜ಼ಾದ್” ಎಂದೂ ಕರೆದುಕೊಳ್ಳುತ್ತಾರೆ. ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೊ ಮತ್ತು ಯೂಟಾ ರಾಜ್ಯಗಳ ನಡುವೆ ಹರಡಿರುವ ಅವರ ನಾಡಿನಲ್ಲಿ, 2010ರ ಆಸುಪಾಸಿನ ಗಣತಿಯ ಲೆಕ್ಕದಂತೆ, ಸುಮಾರು 1,70,000 ಮಂದಿ ಈ ನುಡಿಯನ್ನು ಆಡುತ್ತಿದ್ದರು. ಇದು ಅಥಬಾಸ್ಕನ್ ಭಾಷಾಕುಟುಂಬದ ದಕ್ಷಿಣದ ಕವಲು. ಇದರ ಬಂಧುಗಳಲ್ಲಿ ಹೆಚ್ಚಿನವು ದೂರದ ಅಲಾಸ್ಕಾದಲ್ಲಿ, ಕೆನಡಾದ ವಾಯವ್ಯದ ಕಾಡುಗಳಲ್ಲಿ ಇವೆ. ಕುಟುಂಬದ ಹೆಸರು ಕೆನಡಾದ ಒಂದು ಸರೋವರದಿಂದ ಬಂದದ್ದು, ಅದೂ ನೆರೆಯ ಕ್ರೀ ಜನರ ಪದ. ಆದ್ದರಿಂದಲೇ ಆ ನುಡಿಗಳ ಜನರಲ್ಲಿ ಅನೇಕರು “ದೆನೆ” ಎಂಬ ತಮ್ಮದೇ ಹೆಸರನ್ನು ಮೆಚ್ಚುತ್ತಾರೆ.

ಈ ಬರಹದಲ್ಲಿ ನವಾಹೊ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವುದಕ್ಕೆ ಸಣ್ಣದೊಂದು ಏರ್ಪಾಡು ಮಾಡಿಕೊಂಡಿದ್ದೇನೆ. ಗಂಟಲಿನ ತಡೆಯನ್ನು ’ ಚಿಹ್ನೆಯಿಂದಲೂ, ಮೂಗಿನಲ್ಲಿ ನುಡಿಯುವ ಸ್ವರವನ್ನು ಸೊನ್ನೆಯಿಂದಲೂ, ಮುಂದೆ ವಿವರಿಸಲಿರುವ ಉಸಿರಿನ ಲಕಾರವನ್ನು “ಹ್ಲ” ಎಂದೂ ತೋರಿಸುತ್ತೇನೆ. ಸ್ವರದ ಏರಿಳಿತವನ್ನು ಮಾತ್ರ ಮಾತಿನಲ್ಲೇ ಹೇಳಬೇಕಾಗುತ್ತದೆ.

ಈ ನುಡಿಯನ್ನು ಕುರಿತು ಹೊರಗಿನವರು ಬರೆದದ್ದರಲ್ಲಿ “ಕರ್ಕಶ”, “ಗಂಟಲಿನ ನುಡಿ”, “ಕಲಿಯಲಾಗದ್ದು” ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ನನಗೆ ಈ ಮಾತುಗಳು ನುಡಿಗಿಂತ ಹೆಚ್ಚಾಗಿ ಕೇಳಿದವರ ಕಿವಿಯನ್ನೇ ವರ್ಣಿಸುವಂತೆ ಕಾಣುತ್ತವೆ. ವಿಚಿತ್ರ ಧ್ವನಿಗಳ ಪಟ್ಟಿಯೆಂದು ನೋಡಿದರೆ ನವಾಹೊ ಕಷ್ಟವಾಗಿಯೇ ತೋರುತ್ತದೆ. ಯಾವ ಭೇದಕ್ಕೆ ಬೆಲೆ ಕೊಡಬೇಕು, ಆ ಭೇದವನ್ನು ಪದದ ಯಾವ ಭಾಗದಲ್ಲಿ ಇಡಬೇಕು ಎಂದು ನುಡಿಯೊಂದು ಮಾಡಿಕೊಂಡ ಏರ್ಪಾಡೆಂದು ನೋಡಿದರೆ ಅದರ ಅಚ್ಚುಕಟ್ಟು ಕಣ್ಣಿಗೆ ಕಟ್ಟುತ್ತದೆ.

ಮೊದಲು ಸ್ಪರ್ಶವ್ಯಂಜನಗಳನ್ನು ನೋಡೋಣ. ನಮ್ಮ ವರ್ಣಮಾಲೆಯ ಒಂದು ವರ್ಗದಲ್ಲಿ ಅಲ್ಪಪ್ರಾಣ, ಮಹಾಪ್ರಾಣ, ಘೋಷ, ಅಘೋಷ ಎಂಬ ಭೇದಗಳು ಸಾಲಾಗಿ ನಿಂತಿವೆ. ನವಾಹೊ ಸ್ಪರ್ಶಗಳಲ್ಲಿ ಘೋಷಕ್ಕೆ ಸ್ಥಾನವಿಲ್ಲ. ಅಲ್ಲಿರುವುದು ಅಘೋಷ ಅಲ್ಪಪ್ರಾಣ, ಮಹಾಪ್ರಾಣ ಮತ್ತು ಗಂಟಲಿನಿಂದ ಸಿಡಿಯುವ ಮೂರನೆಯ ಬಗೆ. ಈ ಮೂರನೆಯದನ್ನು ಉಚ್ಚರಿಸುವಾಗ ನಾಲಿಗೆ ಬಾಯಲ್ಲಿ ದಾರಿ ಮುಚ್ಚುವ ಹೊತ್ತಿಗೇ ಕೆಳಗೆ ನಾದತಂತುಗಳೂ ಕೂಡಿ ಮುಚ್ಚಿಕೊಳ್ಳುತ್ತವೆ. ಬಳಿಕ ಧ್ವನಿಪೆಟ್ಟಿಗೆ ಇಡಿಯಾಗಿ ಮೇಲಕ್ಕೇರುತ್ತದೆ. ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಸೈಕಲ್ ಪಂಪನ್ನು ಒತ್ತಿದಂತೆ ಎರಡು ಬಾಗಿಲುಗಳ ನಡುವೆ ಸಿಕ್ಕಿದ ಗಾಳಿ ಒತ್ತಡಕ್ಕೆ ಒಳಗಾಗುತ್ತದೆ. ನಾಲಿಗೆ ಸಡಿಲಿಸಿದಾಗ ಗಾಳಿ ಚಿಟಿಕೆ ಹೊಡೆದಂತೆ ಹೊರಬರುತ್ತದೆ, ನಾದತಂತುಗಳು ಆಮೇಲೆ ತೆರೆದುಕೊಳ್ಳುತ್ತವೆ. ನಾನು ಮೊದಲು ಹೇಳಿದ ಸಣ್ಣ ಮೌನ ಹುಟ್ಟುವುದು ಈ ಎರಡು ಬಿಡುಗಡೆಗಳ ನಡುವೆ. ಶ್ವಾಸಕೋಶದ ಗಾಳಿ ಇಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ ಉಸಿರು ಹಿಡಿದುಕೊಂಡೇ ಇಂಥ ಕಕಾರವನ್ನು ಅಭ್ಯಾಸ ಮಾಡಬಹುದು. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಮಹಾಪ್ರಾಣಗಳ ವಿಷಯದಲ್ಲಿ ನಮ್ಮ ಖಕಾರ ಥಕಾರಗಳ ಅನುಭವ ಅರ್ಧ ದಾರಿಯವರೆಗೆ ಮಾತ್ರ ಕರೆದೊಯ್ಯುತ್ತದೆ. ನವಾಹೊ ಮಹಾಪ್ರಾಣದ ಉಸಿರು ಬಹಳ ಉದ್ದ. ಕಂಠ್ಯ ಮಹಾಪ್ರಾಣದಲ್ಲಿ ಸ್ಫೋಟದಿಂದ ಸ್ವರದ ನಾದ ಆರಂಭವಾಗುವವರೆಗೆ ಸುಮಾರು 150 ಮಿಲಿಸೆಕೆಂಡು ಹಿಡಿಯುತ್ತದೆ ಎಂದು ಪ್ರಯೋಗಾಲಯದ ಅಳತೆಗಳು ತೋರಿಸಿವೆ. ಇಂಗ್ಲಿಷಿನ ಕಕಾರದಲ್ಲಿ ಅದು 80ರ ಆಸುಪಾಸು. ಅಷ್ಟೇ ಅಲ್ಲದೆ, ಆ ಉಸಿರು ಬರಿಯ ಹಕಾರವಾಗಿ ಉಳಿಯದೆ ಅಂಗುಳಿನ ಹಿಂಭಾಗವನ್ನು ಉಜ್ಜಿಕೊಂಡು ಬರುತ್ತದೆ. ನೀರಿಗೆ “ತೋ” ಎನ್ನುವಾಗ ತಕಾರದ ಬೆನ್ನಿಗೇ ಉರ್ದುವಿನ “ಖ಼ಬರ್” ಪದದ ಮೊದಲ ಧ್ವನಿಯಂಥದೊಂದು ಕೇಳಿಸುತ್ತದೆ.

ಅಲ್ಪಪ್ರಾಣಗಳು ಮಾತ್ರ ಕನ್ನಡದ ಕಿವಿಗೆ ತೀರ ಪರಿಚಿತ. ಇಂಗ್ಲಿಷ್ ಬಲ್ಲವರು ರೂಪಿಸಿದ ಬರಹಪದ್ಧತಿಯಲ್ಲಿ ಇವುಗಳಿಗೆ ಬ, ದ, ಗ ಧ್ವನಿಗಳ ರೋಮನ್ ಅಕ್ಷರಗಳು ದೊರೆತಿವೆ. ಉಚ್ಚಾರಣೆಯಲ್ಲಿ ಅವು ನಮ್ಮ ಪ, ತ, ಕಗಳಿಗೆ ಹತ್ತಿರ. ಇದಕ್ಕೆ ಸ್ಪ್ಯಾನಿಷ್‌ನಿಂದ ಬಂದ ಪದಗಳೇ ಸಾಕ್ಷಿ. ಗೂಳಿಗೆ ಸ್ಪ್ಯಾನಿಷ್ ಪದ “ತೋರೊ”; ನವಾಹೊ ಬರಹದಲ್ಲಿ ಅದು “ದೋಲ”. “ಪೆಸೊ” ನಾಣ್ಯ “ಬೇಸೊ” ಆಗಿ ಹಣ ಎಂಬ ಅರ್ಥ ಪಡೆಯಿತು. ಅಕ್ಷರಗಳನ್ನು ನಂಬಿದರೆ ನವಾಹೊ ಜನರು ತಕಾರವನ್ನು ದಕಾರ ಮಾಡಿದರು ಎನ್ನಬೇಕಾಗುತ್ತದೆ. ನಿಜವಾಗಿ ಸ್ಪ್ಯಾನಿಷ್‌ನ ತ, ಪಗಳಿಗೂ ನವಾಹೊ ಅಲ್ಪಪ್ರಾಣಗಳಿಗೂ ಹೆಚ್ಚು ಅಂತರವಿಲ್ಲ. ಮಹಾಪ್ರಾಣದ ತಕಾರ ತಮ್ಮಲ್ಲೇ ಇದ್ದರೂ ಅದನ್ನು ಬಿಟ್ಟು ಅವರು ಸರಿಯಾದುದನ್ನೇ ಆರಿಸಿಕೊಂಡರು. ಅವರ ನುಡಿಯಲ್ಲಿ ಇಲ್ಲದೆ ಇದ್ದದ್ದು ರಕಾರ. ಅದಕ್ಕೆ ಬದಲಾಗಿ ಲಕಾರ ಬಂತು. ಅಕ್ಕಿಯ ಸ್ಪ್ಯಾನಿಷ್ ಹೆಸರು “ಅರೋಸ್” ಇಲ್ಲಿ “ಅಲೋಸ್” ಆದದ್ದೂ ಹೀಗೆಯೇ.

ತುಟಿಯ ಧ್ವನಿಗಳಲ್ಲಿ ನವಾಹೊ ಬಹಳ ಮಿತವ್ಯಯಿ. ವ್ಯಂಜನಗಳು 30ಕ್ಕೂ ಹೆಚ್ಚಿದ್ದರೂ ತುಟಿ ಮುಚ್ಚಿ ಹೇಳುವವು ಎರಡೇ: ಬಕಾರವೆಂದು ಬರೆಯುವ ಅಲ್ಪಪ್ರಾಣ, ಮತ್ತೆ ಮಕಾರ. ತುಟಿಯ ಮಹಾಪ್ರಾಣವೂ ಇಲ್ಲ, ಸಿಡಿಯುವ ಬಗೆಯೂ ಇಲ್ಲ. ಮೂಲ ಅಥಬಾಸ್ಕನ್‌ನಲ್ಲಿ ಓಷ್ಠ್ಯ ಸ್ಪರ್ಶಗಳೇ ಇರಲಿಲ್ಲವೆಂದೂ ಈಗಿನ ಬಕಾರ ವಕಾರದಂಥ ಧ್ವನಿಯಿಂದ ಬೆಳೆದದ್ದೆಂದೂ ವಿದ್ವಾಂಸರು ಪುನಾರಚಿಸಿದ್ದಾರೆ. ಹಾಗಿದ್ದರೂ ಮಾತಿನಲ್ಲಿ ಬಕಾರ ಸದಾ ಕೇಳಿಸುತ್ತಿರುತ್ತದೆ, ಏಕೆಂದರೆ “ಅವನ, ಅವಳ, ಅದರ” ಎಂಬರ್ಥದ “ಬಿ” ಪೂರ್ವಪ್ರತ್ಯಯ ಅದನ್ನೇ ಹೊತ್ತಿದೆ.

ತುಟಿಯಲ್ಲಿ ಉಳಿಸಿದ್ದನ್ನೆಲ್ಲ ಈ ನುಡಿ ನಾಲಿಗೆಯ ಅಂಚುಗಳಲ್ಲಿ ಧಾರಾಳವಾಗಿ ಖರ್ಚು ಮಾಡುತ್ತದೆ. ನಾಲಿಗೆಯನ್ನು ಲಕಾರದ ಸ್ಥಾನದಲ್ಲಿಟ್ಟು, ನಾದವಿಲ್ಲದೆ, ಉಸಿರನ್ನು ಎರಡೂ ಪಕ್ಕಗಳಿಂದ ಬಲವಾಗಿ ಊದಿದರೆ ಬರುವ ಧ್ವನಿಯೇ “ಹ್ಲ”. ಕುದುರೆ “ಹ್ಲೀಂ’”. ಈ ಧ್ವನಿಯೊಡನೆ ತಕಾರ ಬೆಸೆದು ಮತ್ತೆ ಮೂರು ಬಗೆಗಳು ಹುಟ್ಟುತ್ತವೆ: ಅಲ್ಪಪ್ರಾಣ, ಮಹಾಪ್ರಾಣ, ಸಿಡಿಯುವ ಬಗೆ. ಆಡಿಗೆ ಹೇಳುವ “ತ್ಹ್ಲ್’ಇಜ಼ಿ” ಪದದ ಮೊದಲಲ್ಲಿರುವುದು ಈ ಮೂರನೆಯದು.

ಇದು ಬೇರೆ ಕಿವಿಗೆ ಹೇಗೆ ಕೇಳಿಸುತ್ತಿತ್ತು ಎಂಬುದಕ್ಕೆ ಒಂದು ಲಿಖಿತ ದಾಖಲೆ ಇದೆ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಅಮೆರಿಕದ ಮರೀನ್ ಪಡೆ 29 ನವಾಹೊ ಯುವಕರನ್ನು ಸೇರಿಸಿಕೊಂಡು ಅವರ ನುಡಿಯ ಆಧಾರದ ಮೇಲೆ ಸಂಕೇತಭಾಷೆಯೊಂದನ್ನು ಕಟ್ಟಿಸಿತು. 1968ರಲ್ಲಿ ಬಹಿರಂಗವಾದ ಆ ಸಂಕೇತದಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ನವಾಹೊ ಪದಗಳಿವೆ; ಅವುಗಳನ್ನು ಪಟ್ಟಿಯಲ್ಲಿ ಇಂಗ್ಲಿಷ್ ಕಾಗುಣಿತದಲ್ಲಿ ಬರೆಯಲಾಗಿದೆ. ಆಡು ಅಲ್ಲಿ “ಕ್ಲಿಜಿ”. ಪಕ್ಕದಲ್ಲಿ ಊದುವ ತಕಾರಕ್ಕೆ ಇಂಗ್ಲಿಷಿನಲ್ಲಿ ದೊರೆತ ಅತಿ ಹತ್ತಿರದ ನೆಲೆ ಕಕಾರ ಲಕಾರಗಳ ಒತ್ತಕ್ಷರ. ಮಂಜುಗಡ್ಡೆಗೆ ಹೇಳುವ “ತಿನ್” ಅಲ್ಲಿ “ಟ್ಕಿನ್” ಆಗಿದೆ. ಮೇಲೆ ಹೇಳಿದ ಉಜ್ಜುವ ಮಹಾಪ್ರಾಣವನ್ನು ಯಾರೋ ಗಮನವಿಟ್ಟು ಕೇಳಿ, ಅದಕ್ಕೊಂದು ಕಕಾರವನ್ನೇ ಸೇರಿಸಿ ಬರೆದಿದ್ದಾರೆ. ಕುದುರೆ ಮಾತ್ರ ಬರಿಯ “ಲಿನ್”. ಉಸಿರು, ದೀರ್ಘ, ಗಂಟಲ ತಡೆ ಎಲ್ಲವೂ ಕಾಗುಣಿತದಲ್ಲಿ ಕಳೆದುಹೋಗಿವೆ. ಯುದ್ಧದ ಕಥೆಯಾಗಿ ಈ ಪಟ್ಟಿ ಪ್ರಸಿದ್ಧ. ನನಗಾದರೋ ಅದು ಎರಡು ಧ್ವನಿವ್ಯವಸ್ಥೆಗಳು ಮುಖಾಮುಖಿಯಾದ ಗಳಿಗೆಯ ದಾಖಲೆಯಾಗಿ ಹೆಚ್ಚು ಬೆಲೆಯುಳ್ಳದ್ದು.

ಉಸಿರಿನ ಲಕಾರವನ್ನು ಕೇಳಲು ಕನ್ನಡಿಗರು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನೀಲಗಿರಿಯ ತೋಡರ ನುಡಿಯಲ್ಲಿ ಅಂಥ ಅಘೋಷ ಪಾರ್ಶ್ವಿಕಗಳಿವೆ, ಅದೂ ನಮ್ಮ ಲಕಾರ ಳಕಾರಗಳಿಗೆ ಸರಿಸಾಟಿಯಾಗಿ ಎರಡು. ತೋಡ ಕನ್ನಡದ ದಾಯಾದಿ. ದಕ್ಷಿಣ ದ್ರಾವಿಡದ್ದೇ ಕವಲು. ಈ ಎರಡು ಲೋಕಗಳನ್ನು ಬೆಸೆದ ಒಬ್ಬ ವ್ಯಕ್ತಿಯೂ ಇದ್ದಾರೆ. 1929ರಲ್ಲಿ ನವಾಹೊ ನಾಡಿನಲ್ಲಿ ಕ್ಷೇತ್ರಕಾರ್ಯ ಮಾಡಿದ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ಮುಂದೆ ಯೇಲ್ ವಿಶ್ವವಿದ್ಯಾಲಯದಲ್ಲಿ ತರಬೇತಿ ಕೊಟ್ಟ ವಿದ್ವಾಂಸರಲ್ಲಿ ಮರ್ರೆ ಎಮಿನೋ ಒಬ್ಬರು. ಸಪೀರರ ಸೂಚನೆಯಂತೆ 1935ರಲ್ಲಿ ಭಾರತಕ್ಕೆ ಬಂದ ಎಮಿನೋ ತೋಡ, ಕೋತ, ಕೊಡವ, ಕೋಲಾಮಿ ನುಡಿಗಳನ್ನು ದಾಖಲಿಸಿದರು. ಅಮೆರಿಕದ ಮೂಲನಿವಾಸಿಗಳ ನುಡಿಗಳ ಮೇಲೆ ಬೆಳೆದ ಆಲಿಸುವ ಶಿಸ್ತು ನಮ್ಮ ನೆರೆಯ ನುಡಿಗಳಿಗೆ ದಕ್ಕಿದ್ದು ಈ ದಾರಿಯಿಂದ. ದ್ರಾವಿಡ ಭಾಷಾಶಾಸ್ತ್ರವನ್ನು ಓದುವವರು ಈ ಋಣವನ್ನು ನೆನೆಯುವುದು ಕಡಿಮೆ, ನೆನೆಯಬೇಕು ಎನಿಸುತ್ತದೆ.

ಸ್ವರಗಳತ್ತ ಬಂದರೆ ನವಾಹೊ ತೀರ ಸರಳವೆಂದು ತೋರುತ್ತದೆ: ಅ, ಎ, ಇ, ಒ, ಇಷ್ಟೇ. ಉಕಾರ ಬೇರೆಯಾಗಿ ಇಲ್ಲ. ಈ ನಾಲ್ಕೂ ನಮ್ಮಲ್ಲಿರುವಂತೆ ಹ್ರಸ್ವವೂ ಆಗುತ್ತವೆ, ದೀರ್ಘವೂ ಆಗುತ್ತವೆ. ಪ್ರತಿಯೊಂದೂ ಬಾಯಿಯಲ್ಲಿ ನುಡಿಯಬಹುದು, ಮೂಗಿನಲ್ಲೂ ನುಡಿಯಬಹುದು. ಇಷ್ಟರ ಮೇಲೆ ಸ್ಥಾಯಿ ಸೇರುತ್ತದೆ: ಹ್ರಸ್ವಕ್ಕೆ ಮೇಲುಸ್ಥಾಯಿ ಅಥವಾ ಕೆಳಸ್ಥಾಯಿ, ದೀರ್ಘಕ್ಕೆ ಇವೆರಡರ ಜೊತೆಗೆ ಇಳಿಕೆ ಮತ್ತು ಏರಿಕೆ. ಎಲ್ಲವನ್ನೂ ಗುಣಿಸಿದರೆ ನಾಲ್ಕು ಸ್ವರಗಳಿಂದ 48 ಸಾಧ್ಯತೆಗಳು ಹೊರಡುತ್ತವೆ. “ಅಜ಼ೇ’” ಪದದ ಎರಡನೆಯ ಸ್ವರ ಕೆಳಸ್ಥಾಯಿಯಲ್ಲಿದ್ದರೆ ಔಷಧ, ಮೇಲುಸ್ಥಾಯಿಯಲ್ಲಿದ್ದರೆ ಬಾಯಿ. ವೇದಪಾಠದ ಉದಾತ್ತ, ಅನುದಾತ್ತಗಳನ್ನು ಕೇಳಿದವರಿಗೆ ಏರಿಳಿತ ಹೊಸದಲ್ಲ. ಆದರೆ ಮನೆಯ ದಿನನಿತ್ಯದ ಮಾತಿನಲ್ಲಿ, ಅಡುಗೆಯ ನಡುವೆ, ಮಗುವನ್ನು ಗದರುವಾಗ ಕೂಡ ಅದನ್ನು ತಪ್ಪದೆ ಪಾಲಿಸುವುದು ನಮಗೆ ಹೊಸದೇ.

ಈ ಸ್ಥಾಯಿಗಳ ಹುಟ್ಟಿನ ಕಥೆ ಅಥಬಾಸ್ಕನ್ ಅಧ್ಯಯನದ ಅತಿ ಸುಂದರ ಪ್ರಕರಣವೆಂದು ನಾನು ಭಾವಿಸುತ್ತೇನೆ. ಕೆನಡಾದ ಉತ್ತರದಲ್ಲಿ, ನವಾಹೊ ನಾಡಿನಿಂದ 2,000 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಹಿಂದೆ ಚಿಪೆವ್ಯಾನ್ ಎಂದು ಕರೆಯುತ್ತಿದ್ದ ದೆನೆ ನುಡಿಯೊಂದಿದೆ. ನವಾಹೊ ನುಡಿಯಲ್ಲಿ ನೀರು “ತೋ”, ಮೇಲುಸ್ಥಾಯಿ. ಅಲ್ಲಿ “ತು”, ಕೆಳಸ್ಥಾಯಿ. ನವಾಹೊ ನುಡಿಯಲ್ಲಿ ಬೆಂಕಿ “ಕೊಂ’”, ಕೆಳಸ್ಥಾಯಿ; ಅಲ್ಲಿ “ಕುಂ”, ಮೇಲುಸ್ಥಾಯಿ. ಪದದಿಂದ ಪದಕ್ಕೆ ಹೀಗೆಯೇ ಒಂದರ ಏರು ಇನ್ನೊಂದರ ಇಳಿಯಾಗಿರುವುದು ಕಾಣುತ್ತದೆ. ಇದಕ್ಕೆ ವಿದ್ವಾಂಸರು ಕಂಡುಕೊಂಡ ಕಾರಣ ಹೀಗಿದೆ: ಮೂಲನುಡಿಯಲ್ಲಿ ಸ್ಥಾಯಿಯೇ ಇರಲಿಲ್ಲ, ಕೆಲವು ಪದಗಳ ಕೊನೆಯಲ್ಲಿ ಗಂಟಲಿನ ಬಿಗಿತ ಮಾತ್ರ ಇತ್ತು. ಆ ಬಿಗಿತ ಹಿಂದಿನ ಸ್ವರಕ್ಕೆ ಅಂಟಿಕೊಂಡಿತು. ನಾದತಂತುಗಳನ್ನು ಎಳೆದು ಬಿಗಿಯುವ ಉಚ್ಚಾರಣೆ ಇದ್ದಲ್ಲಿ ದನಿ ಮೇಲೇರಿತು. ಅವುಗಳನ್ನು ಒಟ್ಟಿಗೆ ಒತ್ತಿ ಕಿರುಗುಟ್ಟುವ ದನಿ ಹೊರಡಿಸುವಲ್ಲಿ ಅದೇ ಬಿಗಿತದಿಂದ ದನಿ ಕೆಳಗಿಳಿಯಿತು. ಅಲಾಸ್ಕಾದ ಆಟ್ನಾದಂಥ ನುಡಿಗಳಲ್ಲಿ ಸ್ಥಾಯಿ ಬೆಳೆಯಲೇ ಇಲ್ಲ. ಈ ಇಡೀ ಚಿತ್ರವನ್ನು ಕೂಡಿಸಿದವರಲ್ಲಿ ಮುಖ್ಯರಾದವರು, ಅಲಾಸ್ಕಾ ಮೂಲನಿವಾಸಿ ಭಾಷಾಕೇಂದ್ರವನ್ನು 1972ರಲ್ಲಿ ಕಟ್ಟಿದ ಮೈಕೆಲ್ ಕ್ರೌಸ್. ಗಂಟಲಿನ ಒಂದೇ ಚಲನೆ ಎರಡು ದೂರದ ನಾಡುಗಳಲ್ಲಿ ಒಂದಕ್ಕೊಂದು ಎದುರಾದ ರಾಗಗಳಾಗಿ ಉಳಿದಿರುವುದನ್ನು ಯೋಚಿಸುವಾಗ, ಯಾವ ಶಾಸನವೂ ಇಲ್ಲದ ಇತಿಹಾಸವನ್ನು ಜನರು ತಮಗರಿವಿಲ್ಲದೆ ಬಾಯಲ್ಲಿ ಕಾಪಾಡಿಕೊಂಡು ಬಂದಿರುವುದು ಮನಸ್ಸಿಗೆ ಬರುತ್ತದೆ.

ಧ್ವನಿಗಳು ಒಂದರ ಪಕ್ಕ ಒಂದು ಬಂದಾಗ ಏನಾಗುತ್ತದೆ ಎಂಬುದು ಇನ್ನೊಂದು ಸ್ವಾರಸ್ಯದ ಭಾಗ. “ಸಾದ್” ಎಂದರೆ ಮಾತು. “ಅವರ ಮಾತು” ಎನ್ನುವಾಗ ಅದು “ಬಿಜ಼ಾದ್” ಆಗುತ್ತದೆ. ಹಾಗೆಯೇ “ಹ್ಲೀಂ’” ಕುದುರೆ, “ಶಿಲೀಂ’” ನನ್ನ ಕುದುರೆ. ಅಘೋಷ ಸಂಘರ್ಷ ಧ್ವನಿಯೊಂದು ಪೂರ್ವಪ್ರತ್ಯಯದ ಸ್ವರದ ನೆರೆಯಲ್ಲಿ ಘೋಷವಾಗುತ್ತದೆ. ಮಳೆ, ಕಾಲ ಸೇರಿ ಮಳೆಗಾಲವಾಗುವ, ಹುಲಿ, ತೊಗಲು ಸೇರಿ ಹುಲಿದೊಗಲಾಗುವ ಆದೇಶಸಂಧಿಯನ್ನು ಶಾಲೆಯಲ್ಲಿ ಕಲಿತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ನವಾಹೊ ನುಡಿಯಲ್ಲಿ ಇದರ ಎದುರುದಿಕ್ಕಿನ ಒಂದು ಹರಿವೂ ಇದೆ. ಸಕಾರದ ಬಳಗ ಒಂದು, ಶಕಾರದ ಬಳಗ ಇನ್ನೊಂದು. ಒಂದೇ ಪದದಲ್ಲಿ ಎರಡೂ ಬೆರೆಯುವುದನ್ನು ನುಡಿ ಇಷ್ಟಪಡುವುದಿಲ್ಲ. ಹಾಗೆ ಬೆರೆತಾಗ ಪದದ ಕೊನೆಯಲ್ಲಿರುವ ಧಾತುವೇ ಗೆಲ್ಲುತ್ತದೆ. “ಸಿಸ್” ಎಂದರೆ ಸೊಂಟದ ಪಟ್ಟಿ. ಅದಕ್ಕೆ “ನನ್ನ” ಎಂಬರ್ಥದ “ಶಿ” ಸೇರಿದಾಗ ಧಾತುವಿನ ಸಕಾರ ಘೋಷವಾಗುತ್ತದೆ, ಸ್ವರ ದೀರ್ಘವಾಗುತ್ತದೆ, ಪ್ರತ್ಯಯದ ಶಕಾರ ಸಕಾರಕ್ಕೆ ತಿರುಗುತ್ತದೆ, ಹೊರಬರುವುದು “ಸಿಜ಼ೀಜ಼್”. ಕ್ರಿಯಾಪದಗಳಲ್ಲೂ ಇದನ್ನು ಕಾಣಬಹುದು: ಒಬ್ಬರು ಮಲಗಿದ್ದರೆ “ಸಿತಿಂ”, ಹಲವರು ಮಲಗಿದ್ದರೆ “ಶಿಜೇ’”. ಎರಡರಲ್ಲೂ ಇರುವುದು ಒಂದೇ ಪ್ರತ್ಯಯ. ನಡುವಿನ ದೂರ ಹೆಚ್ಚಿದಾಗ ಈ ಹೊಂದಾಣಿಕೆ ಸಡಿಲವಾಗುವುದೂ ಉಂಟು.

ಧಾತು ಗೆಲ್ಲುತ್ತದೆ ಎಂದೆನಷ್ಟೆ. ನವಾಹೊ ಕ್ರಿಯಾಪದದಲ್ಲಿ ಧಾತು ಬರುವುದು ಕಟ್ಟಕಡೆಗೆ; ಕರ್ತೃ, ಕರ್ಮ, ಕಾಲ, ರೀತಿ ಇವುಗಳ ಪ್ರತ್ಯಯಗಳೆಲ್ಲ ಅದರ ಹಿಂದೆ ಸಾಲುಗಟ್ಟುತ್ತವೆ. “ನಾಶ್‌ನಿಶ್” ಎಂದರೆ ನಾನು ಕೆಲಸ ಮಾಡುತ್ತಿದ್ದೇನೆ, “ನನಿಲ್‌ನಿಶ್” ಎಂದರೆ ನೀನು, “ನಾಲ್‌ನಿಶ್” ಎಂದರೆ ಅವನು ಅಥವಾ ಅವಳು. ಕದಲದೆ ಕೊನೆಯಲ್ಲಿ ನಿಂತಿರುವ “ನಿಶ್” ಧಾತು. ಈ ನುಡಿಯ ಧ್ವನಿರಚನೆಯನ್ನು ಉಪಕರಣಗಳಿಂದ ಅಳೆದು ವಿವರಿಸಿದ ಜಾಯ್ಸ್ ಮೆಕ್‌ಡೊನಾ ಒತ್ತಿ ತೋರಿಸಿದ ಸಂಗತಿ ಇದು: ಸಿಡಿಯುವ ವ್ಯಂಜನಗಳು, ಪಾರ್ಶ್ವಿಕಗಳು, ಸ್ವರಗಳ ಪೂರ್ಣ ವೈವಿಧ್ಯ, ಇವೆಲ್ಲ ಬಹುಪಾಲು ಧಾತುವಿನ ಅಕ್ಷರದಲ್ಲಿ ನೆಲೆಸಿವೆ, ಪ್ರತ್ಯಯಗಳು ಕೆಲವೇ ಸರಳ ಧ್ವನಿಗಳಿಂದ ಕೆಲಸ ಸಾಗಿಸುತ್ತವೆ. ಕನ್ನಡದಲ್ಲಿ ಇದರ ತಿರುವುಮುರುವು. ನಮ್ಮ ಧಾತು ಮೊದಲಲ್ಲಿ ಬರುತ್ತದೆ, ಧ್ವನಿವೈವಿಧ್ಯವೂ ಮೊದಲ ಅಕ್ಷರದಲ್ಲೇ ಹೆಚ್ಚು. ಅಚ್ಚಗನ್ನಡದ ಪದಗಳಲ್ಲಿ ಹ್ರಸ್ವ ಒಕಾರ ಹೆಚ್ಚಾಗಿ ಅಲ್ಲಿಯೇ ಸಿಗುತ್ತದೆ. ಆದ್ದರಿಂದ ನವಾಹೊ ಕೇಳುವಾಗ ಪದದ ಆರಂಭಕ್ಕೆ ಕಿವಿಗೊಟ್ಟು ಕೊನೆಯನ್ನು ಸಡಿಲ ಬಿಡುವ ನಮ್ಮ ಅಭ್ಯಾಸ ಅಡ್ಡ ಬರುತ್ತದೆ. ಅಲ್ಲಿ ಕೊನೆಯವರೆಗೂ ಎಚ್ಚರವಾಗಿರಬೇಕು. ಧ್ವನಿಗಳ ಉಚ್ಚಾರಣೆಗಿಂತ ಈ ಎಚ್ಚರವನ್ನು ಕಲಿಯುವುದೇ ನನಗೆ ಹೆಚ್ಚು ಶ್ರಮವೆನಿಸಿದೆ.

ಆಡುವವರ ಮನಸ್ಸಿನಲ್ಲಿ ಈ ವ್ಯವಸ್ಥೆ ಎಷ್ಟು ಆಳವಾಗಿ ಕೂತಿರುತ್ತದೆ ಎಂಬುದಕ್ಕೆ ಸಪೀರ್ 1933ರ ಒಂದು ಲೇಖನದಲ್ಲಿ ಕೊಟ್ಟ ಪ್ರಸಂಗ ಭಾಷಾವಿಜ್ಞಾನದಲ್ಲಿ ಹೆಸರಾಗಿದೆ. ಕೆನಡಾದ ಕ್ಯಾಲ್ಗರಿಯ ಬಳಿ ವಾಸಿಸುವ ತ್ಸೂತ್’ಇನ ಜನರದು ಇನ್ನೊಂದು ಅಥಬಾಸ್ಕನ್ ನುಡಿ. ಆಗ ಅದನ್ನು ಸಾರ್ಸಿ ಎನ್ನುತ್ತಿದ್ದರು. 1922ರಲ್ಲಿ ಅಲ್ಲಿ ಜಾನ್ ವಿಟ್ನಿ ಎಂಬವರೊಡನೆ ಕೆಲಸ ಮಾಡುವಾಗ ಸಪೀರರಿಗೆ “ದಿನಿ” ಎಂಬ ಎರಡು ಪದಗಳು ಎದುರಾದವು. ಒಂದಕ್ಕೆ “ಇವನು” ಎಂದರ್ಥ, ಇನ್ನೊಂದಕ್ಕೆ “ಅದು ಸದ್ದು ಮಾಡುತ್ತದೆ” ಎಂದರ್ಥ. ವ್ಯಂಜನ, ಸ್ವರ, ಸ್ಥಾಯಿ ಎಲ್ಲದರಲ್ಲೂ ಎರಡೂ ಒಂದೇ ಎಂದು ಸಪೀರರ ಪಳಗಿದ ಕಿವಿ ಹೇಳಿತು. ವಿಟ್ನಿ ಒಪ್ಪಲಿಲ್ಲ, ಬೇರೆಯೆಂದೇ ಪಟ್ಟುಹಿಡಿದರು. ಭೇದವೆಲ್ಲಿ ಎಂದು ಕೇಳಿದಾಗ, ಎರಡನೆಯದರ ಕೊನೆಗೆ ತಕಾರವಿದೆ ಎಂದರು. ಹೇಳಿ ತೋರಿಸುವಾಗ ಆ ತಕಾರ ಹೊರಬರಲಿಲ್ಲ. ಆದರೆ ಆ ಕ್ರಿಯಾಪದಕ್ಕೆ ಸ್ವರದಿಂದ ಆರಂಭವಾಗುವ ಪ್ರತ್ಯಯ ಸೇರಿದಾಗ ಅಡಗಿದ್ದ ತಕಾರ ಎದ್ದು ಬರುತ್ತದೆ; ಇನ್ನೊಂದು ಪದದಲ್ಲಿ ಹಾಗಾಗುವುದಿಲ್ಲ. ವಿಟ್ನಿ ಗಾಳಿಯಲ್ಲಿ ಇಲ್ಲದ ಧ್ವನಿಯನ್ನು ತಮ್ಮ ನುಡಿಯ ಜ್ಞಾನದಿಂದ ಕೇಳುತ್ತಿದ್ದರು. ಧ್ವನಿಮಾ, ಅಂದರೆ ಪದಗಳ ಅರ್ಥವನ್ನು ಬೇರ್ಪಡಿಸುವ ಧ್ವನಿಘಟಕ, ಎಂಬುದು ವಿದ್ವಾಂಸರು ಕಾಗದದ ಮೇಲೆ ಮಾಡುವ ವಿಂಗಡಣೆಯಷ್ಟೇ ಆಗಿರದೆ ಆಡುವವರ ಮನಸ್ಸಿನಲ್ಲಿಯೂ ಇರುವ ವಾಸ್ತವ ಎಂಬ ತಮ್ಮ ವಾದಕ್ಕೆ ಸಪೀರ್ ಇದನ್ನು ಆಧಾರವಾಗಿಟ್ಟರು. ನುಡಿಯೊಂದರ ಮೇಲಿನ ಅಧಿಕಾರ ಕೊನೆಗೆ ಯಾರದು ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ವಿಟ್ನಿಯವರ ಪಟ್ಟು ನೆನಪಾಗುತ್ತದೆ.

ಇಂಥ ಜ್ಞಾನವನ್ನೇ ಅಮೆರಿಕದ ವಸತಿಶಾಲೆಗಳು ಬಲವಂತವಾಗಿ ಅಳಿಸಲು ಹೊರಟವು. 19ನೆಯ ಶತಮಾನದ ಕೊನೆಯಿಂದ ಹಲವು ದಶಕಗಳ ಕಾಲ ಮಕ್ಕಳನ್ನು ಮನೆಯಿಂದ ದೂರ ಒಯ್ದು, ತಮ್ಮ ನುಡಿ ಆಡಿದರೆ ಶಿಕ್ಷಿಸಲಾಗುತ್ತಿತ್ತು. ಗಂಟಲಿನ ತಡೆ, ಉಸಿರಿನ ಲಕಾರ, ಸ್ಥಾಯಿ ಇವೆಲ್ಲ ಮಗುವಿನ ಕಿವಿಗೆ ಸಹಜವಾಗಿ ಒಗ್ಗುವುದು ಮೊದಲ ಕೆಲವು ವರ್ಷಗಳಲ್ಲಿ; ಆ ವರ್ಷಗಳ ಮಾತನ್ನು ಕಸಿದುಕೊಂಡರೆ ಬಳಿಕ ಪುಸ್ತಕದಿಂದ ತುಂಬಿಕೊಡುವುದು ಸುಲಭವಲ್ಲ. ಹಾಗಿದ್ದರೂ ಜನರು ಸುಮ್ಮನೆ ಕೂರಲಿಲ್ಲ. ನವಾಹೊ ಭಾಷಿಕ ವಿಲಿಯಂ ಮಾರ್ಗನ್ ಮತ್ತು ಭಾಷಾವಿಜ್ಞಾನಿ ರಾಬರ್ಟ್ ಯಂಗ್ ಕೂಡಿ ಬರಹಪದ್ಧತಿಯನ್ನು ನೆಲೆಗೊಳಿಸಿದರು. 1943ರಿಂದ 1957ರವರೆಗೆ ಆ ಬರಹದಲ್ಲಿ ಪತ್ರಿಕೆಯೊಂದು ನಡೆಯಿತು. 1966ರಲ್ಲಿ ರಫ್ ರಾಕ್ ಎಂಬಲ್ಲಿ ನವಾಹೊ ಸಮುದಾಯವೇ ನಡೆಸುವ ಶಾಲೆ ತೆರೆಯಿತು, 1968ರಲ್ಲಿ ಈಗ ದಿನೆ ಕಾಲೇಜ್ ಎನಿಸಿರುವ ವಿದ್ಯಾಸಂಸ್ಥೆ ಹುಟ್ಟಿತು.

ಆ ಬರಹಪದ್ಧತಿ ಗಂಟಲ ತಡೆಗೆ ’ ಚಿಹ್ನೆಯನ್ನೂ, ಉಸಿರಿನ ಲಕಾರಕ್ಕೆ ಅಡ್ಡಗೆರೆಯನ್ನೂ, ಮೇಲುಸ್ಥಾಯಿಗೆ ಸ್ವರದ ತಲೆಯ ಮೇಲೊಂದು ಓರೆಗೆರೆಯನ್ನೂ, ಮೂಗಿನ ಸ್ವರಕ್ಕೆ ಅದರ ಅಡಿಯಲ್ಲೊಂದು ಕೊಕ್ಕೆಯನ್ನೂ ಇಡುತ್ತದೆ. ಕೆಳಸ್ಥಾಯಿಗೆ ಗುರುತಿಲ್ಲ. ಮೂಗಿನ, ಮೇಲುಸ್ಥಾಯಿಯ ಸ್ವರಕ್ಕೆ ಕೊಕ್ಕೆ, ಗೆರೆ ಎರಡೂ ಬೇಕು; ಆ ಜೋಡಿಗೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತಸ್ಥಾನವಿಲ್ಲದ ಕಾರಣ ಚಿಹ್ನೆಗಳನ್ನು ಬಿಡಿಬಿಡಿಯಾಗಿ ಪೇರಿಸಬೇಕಾಗುತ್ತದೆ. ಒತ್ತಕ್ಷರಗಳು ಪರದೆಯ ಮೇಲೆ ಚೆದುರಿಹೋಗುತ್ತಿದ್ದ ಕಾಲವನ್ನು ಕಂಡ ಕನ್ನಡಿಗರಿಗೆ ಇದರ ತೊಡಕು ಅರ್ಥವಾಗುತ್ತದೆ. ಅವಸರದ ಸಂದೇಶಗಳಲ್ಲಿ, ಚಿಹ್ನೆಗಳನ್ನು ಒಪ್ಪದ ಅರ್ಜಿನಮೂನೆಗಳಲ್ಲಿ ಈ ಗುರುತುಗಳು ಮೊದಲು ಉದುರುತ್ತವೆ. ಆಗ ಔಷಧ ಎಂಬ ಪದದ ಸ್ಥಾಯಿಗೆ ತೊಂದರೆಯಿಲ್ಲ, ಅದಕ್ಕೆ ಮೊದಲೇ ಗೆರೆಯಿರಲಿಲ್ಲ. ಬಾಯಿ ಎಂಬ ಪದ ಮಾತ್ರ ತನ್ನ ಗೆರೆಯನ್ನು ಕಳೆದುಕೊಂಡು ಔಷಧವಾಗಿಬಿಡುತ್ತದೆ, ಓದುವವರು ಸಂದರ್ಭ ನೋಡಿ ಅದನ್ನು ಸರಿಮಾಡಿಕೊಳ್ಳಬೇಕಾಗುತ್ತದೆ.